ನಾಯಿಮರಿಗೆ ಎರಡು ಗಡಿಯಾರ

ಮರಿ ಮನೆಗೆ ಬಂದ ದಿನ ಸಡಗರ, ಫೋಟೊ, ಹೆಸರಿಡುವ ಜಗಳ. ಅದೇ ರಾತ್ರಿ ಮೂರು ಗಂಟೆಗೆ ಅದು ಕುಂಯ್ ಕುಂಯ್ ಅಂತ ಅಳುತ್ತಿದೆ, ಎದ್ದು ಹೋದರೆ ಕಾಲಿಗೆ ಏನೋ ಒದ್ದೆ ಹತ್ತುತ್ತದೆ, ದೀಪ ಹಾಕಿ ನೋಡಿದರೆ ಚಪ್ಪಲಿಯ ಪಟ್ಟಿ ಅರ್ಧ ಮಾಯ. ಆ ಹೊತ್ತಿನಲ್ಲಿ ಮನೆಯವರಿಗೆ ಹೊಳೆಯುವುದು ಎರಡೇ ವಿವರಣೆ. ಒಂದು, ಈ ಮರಿ ತುಂಬಾ ತುಂಟ. ಇನ್ನೊಂದು, ಇದು ನಮ್ಮ ಕೈಲಿ ಆಗುವ ಕೆಲಸ ಅಲ್ಲ. ಸಾಮಾನ್ಯವಾಗಿ ಎರಡೂ ತಪ್ಪು.

ಮರಿಯ ಬದುಕು ಎರಡು ಗಡಿಯಾರ ನೋಡಿಕೊಂಡು ನಡೆಯುತ್ತದೆ. ಒಂದು ವಾರಗಳ ಲೆಕ್ಕದ್ದು. ಯಾವ ವಯಸ್ಸಿಗೆ ಮೆದುಳು, ಹಲ್ಲು, ಮೂತ್ರಕೋಶ ಎಷ್ಟು ಬೆಳೆದಿರುತ್ತದೆ ಅನ್ನುವುದನ್ನು ಇದು ತೋರಿಸುತ್ತದೆ. ಇನ್ನೊಂದು ಸೆಕೆಂಡುಗಳದ್ದು. ತಾನು ಮಾಡಿದ್ದಕ್ಕೂ ಆಮೇಲೆ ಆದದ್ದಕ್ಕೂ ಗಂಟು ಹಾಕಿಕೊಳ್ಳಲು ಮರಿಗೆ ಸಿಗುವ ಚೂರೇ ಚೂರು ಸಮಯ ಅದು. ಮರಿ ಸಾಕುವಾಗ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದನ್ನು ನಾವು ತಪ್ಪಾಗಿ ನೋಡಿದ್ದರಿಂದ ಆದವು.

## ವಾರಗಳ ಗಡಿಯಾರ

ಹುಟ್ಟಿದ ಮರಿಗೆ ಕಣ್ಣೂ ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ, ಮೂರನೆಯ ವಾರದ ಹೊತ್ತಿಗೆ ಕಿವಿ. ಮೊದಮೊದಲು ತಾನಾಗಿ ಉಚ್ಚೆ ಮಾಡಲೂ ಬರುವುದಿಲ್ಲ, ತಾಯಿ ನೆಕ್ಕಿದರೆ ಮಾತ್ರ ಆಗುತ್ತದೆ. ಅಲ್ಲಿಂದ ಎಂಟನೆಯ ವಾರದವರೆಗೆ ತಾಯಿ ಮತ್ತು ಜೊತೆಯ ಮರಿಗಳೇ ಅದರ ಶಾಲೆ. ಆಟದಲ್ಲಿ ಜೋರಾಗಿ ಕಚ್ಚಿದರೆ ಜೊತೆಯ ಮರಿ ಕಿರುಚಿ, ಆಟ ಬಿಟ್ಟು ಎದ್ದು ಹೋಗುತ್ತದೆ. ಎಷ್ಟು ಕಚ್ಚಿದರೆ ನೋವಾಗುತ್ತದೆ ಅನ್ನುವ ಮೊದಲ ಪಾಠ ಅಲ್ಲೇ ಸಿಗುತ್ತದೆ. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ ಅಂತ ಹೇಳುವುದಕ್ಕೆ ಇದೊಂದು ದೊಡ್ಡ ಕಾರಣ.

ಈ ಗಡಿಯಾರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯ ವಾರದಿಂದ ಸುಮಾರು 12–14ನೆಯ ವಾರದವರೆಗಿನ ಕಾಲ. ಇದನ್ನು ಒಗ್ಗಿಕೊಳ್ಳುವ ಕಾಲ ಅನ್ನೋಣ. ಈ ದಿನಗಳಲ್ಲಿ ಮರಿಯ ಕುತೂಹಲ ಅದರ ಭಯಕ್ಕಿಂತ ದೊಡ್ಡದು. ಈಗ ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲ 'ಲೋಕ ಅಂದರೆ ಹೀಗೇ ಇರುತ್ತದೆ' ಅನ್ನುವ ಪಟ್ಟಿಗೆ ಸೇರುತ್ತದೆ. ಆಮೇಲೆ ಮೊದಲ ಸಲ ಎದುರಾದದ್ದೆಲ್ಲ ಅನುಮಾನದ ಪಟ್ಟಿಗೆ ಹೋಗುತ್ತದೆ.

1961ರಲ್ಲಿ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ಅಮೆರಿಕದ ಮೂವರು ಸಂಶೋಧಕರು ಇದರ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದರು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ, ಮನುಷ್ಯರು ಕಣ್ಣಿಗೇ ಬೀಳದ ಹಾಗೆ ಮರಿಗಳನ್ನು ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವನ್ನು ಹೊರಗೆ ತಂದು ಒಂದು ವಾರ ಮನುಷ್ಯರ ಜೊತೆ ಇಟ್ಟರು. ಐದರಿಂದ ಒಂಬತ್ತು ವಾರದೊಳಗೆ ಬಂದವು ಬೇಗ ಹತ್ತಿರವಾದವು. 14 ವಾರದವರೆಗೂ ಮನುಷ್ಯರನ್ನೇ ಕಾಣದ ಮರಿಗಳು ಕಾಡುಪ್ರಾಣಿಗಳ ಹಾಗೆ ಹೆದರಿ ದೂರ ಓಡಿದವು, ಆಮೇಲೆ ಎಷ್ಟು ಪಳಗಿಸಿದರೂ ಪೂರ್ತಿ ಸರಿಹೋಗಲಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಇಲ್ಲಿ ಅನ್ನಿಸಬಹುದು. ಆದರೆ ಆ ಗಾದೆ ನಾಯಿಗೆ ಅರ್ಧ ಮಾತ್ರ ಹೊಂದುತ್ತದೆ. ಕೂತುಕೋ, ಬಾ, ನಿಲ್ಲು ಇಂಥದ್ದನ್ನೆಲ್ಲ ಹತ್ತು ವರ್ಷದ ನಾಯಿಯೂ ಕಲಿಯುತ್ತದೆ. ವಯಸ್ಸಾದ ಹಾಗೆ ಕಷ್ಟವಾಗುವುದು ಹೆದರಿಕೆ ಇಲ್ಲದೆ ಹೊಸದಕ್ಕೆ ಒಗ್ಗಿಕೊಳ್ಳುವುದು.

ಒಗ್ಗಿಸುವುದು ಅಂದರೆ ಕಂಡಕಂಡವರ ಕೈಗೆಲ್ಲ ಮರಿಯನ್ನು ಎತ್ತಿ ಕೊಡುವುದಲ್ಲ. ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಓಡಾಡುವ ಮಕ್ಕಳು, ಬಿಚ್ಚಿದ ಕೊಡೆ, ಮಿಕ್ಸಿಯ ಸದ್ದು, ಮೆಟ್ಟಿಲು, ಹುಲ್ಲು, ನುಣುಪು ನೆಲ ಎಲ್ಲವನ್ನೂ ಅದು ತನ್ನ ದೂರದಲ್ಲಿ ನಿಂತು, ತನ್ನ ವೇಗದಲ್ಲಿ ನೋಡಬೇಕು. ಬಾಲ ಕಾಲ ಸಂದಿಗೆ ಹೋಯಿತು, ಕಿವಿ ಹಿಂದಕ್ಕೆ ಅಂಟಿತು, ತಿಂಡಿ ಕೊಟ್ಟರೂ ತಿನ್ನುತ್ತಿಲ್ಲ ಅಂದರೆ ತೀರಾ ಹತ್ತಿರ ಬಂದುಬಿಟ್ಟಿದ್ದೀರಿ ಅಂತ ಅರ್ಥ. ಹಿಂದೆ ಸರಿಯಿರಿ. ಇದೇ ದಿನಗಳಲ್ಲಿ ಪಾದ ಹಿಡಿಯುವುದು, ಕಿವಿಯೊಳಗೆ ನೋಡುವುದು, ತುಟಿ ಎತ್ತಿ ಹಲ್ಲು ಮುಟ್ಟುವುದು, ಇಷ್ಟನ್ನು ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ. ಮುಂದೆ ಉಗುರು ಕತ್ತರಿಸುವಾಗ ನಾಲ್ಕು ಜನ ಸೇರಿ ಹಿಡಿದುಕೊಳ್ಳುವ ಕುಸ್ತಿ ತಪ್ಪುತ್ತದೆ.

## ಲಸಿಕೆ ಮುಗಿಯುವ ತನಕ ಹೊರಗೆ ಬೇಡ ಅಂತಾರಲ್ಲ?

ಇಲ್ಲಿ ಒಂದು ನಿಜವಾದ ಇಕ್ಕಟ್ಟಿದೆ. ಒಗ್ಗಿಕೊಳ್ಳುವ ಕಾಲ ಮುಗಿಯುತ್ತಾ ಬರುವಾಗಲೇ ಲಸಿಕೆಗಳೂ ನಡೆಯುತ್ತಿರುತ್ತವೆ.

ಒಂದೇ ಇಂಜೆಕ್ಷನ್ ಯಾಕೆ ಸಾಲದು? ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಹಾಲಿನಿಂದ ಮರಿಗೆ ರೋಗ ತಡೆಯುವ ಶಕ್ತಿ ಸಿಕ್ಕಿರುತ್ತದೆ. ಅದು ಒಳ್ಳೆಯ ಕಾವಲುಗಾರ, ಆದರೆ ತುಸು ಮೊಂಡ. ಹೊಸ ಕಾವಲುಗಾರನಿಗೆ ಪಾಠ ಹೇಳಲು ಬಂದ ಲಸಿಕೆಯನ್ನೂ ಕಳ್ಳ ಅಂತಲೇ ಹೊಡೆದು ಓಡಿಸುತ್ತಾನೆ. ಈ ಹಳೆಯ ಕಾವಲುಗಾರ ಯಾವ ವಾರ ಕೆಲಸ ಬಿಡುತ್ತಾನೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ 6–8ನೆಯ ವಾರದಲ್ಲಿ ಶುರು ಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಕೊಡುವುದು. ನಡುವಿನ ಒಂದು ಡೋಸ್ ತಪ್ಪಿಸಿದರೆ ಹಳಬ ಹೋಗಿ ಹೊಸಬ ಬರದ ಖಾಲಿ ಜಾಗ ಉಳಿದುಬಿಡಬಹುದು. ರೇಬೀಸ್ ಲಸಿಕೆ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಬರುತ್ತದೆ. ಜಂತುಹುಳದ ಔಷಧಿಯೂ ಜೊತೆಜೊತೆಗೆ ನಡೆಯಬೇಕು, ಯಾಕೆಂದರೆ ದುಂಡು ಹುಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮರಿಗೆ ದಾಟಬಲ್ಲದು.

ಭಯ ಪಡಬೇಕಾದ ರೋಗಗಳಲ್ಲಿ ಪಾರ್ವೊ ಮೊದಲನೆಯದು. 1978ರ ಸುಮಾರಿಗೆ ಕಾಣಿಸಿಕೊಂಡು ಜಗತ್ತಿಡೀ ಹರಡಿದ ವೈರಸ್ ಇದು. ವಾಂತಿ, ರಕ್ತಭೇದಿ, ಸುಸ್ತು ಕಾಣಿಸಿಕೊಂಡರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ರೋಗ ಬಂದ ನಾಯಿಯ ಮಲದಿಂದ ನೆಲಕ್ಕೆ ಸೇರಿದ ವೈರಸ್ ಅಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಬರೀ ಸೋಪಿಗೆ ಸಾಯುವುದಿಲ್ಲ, ಬ್ಲೀಚ್ ದ್ರಾವಣ ಬೇಕು. ಇನ್ನೊಂದು ಡಿಸ್ಟೆಂಪರ್ ಎಂಬ ವೈರಸ್ ರೋಗ. ಅದರ ಜೊತೆ ನಮ್ಮ ಪರಿಚಯ ತುಂಬಾ ಹಳೆಯದು. ಜರ್ಮನಿಯ ಬಾನ್ ಹತ್ತಿರ 1914ರಲ್ಲಿ ಸಿಕ್ಕ ಸುಮಾರು 14 ಸಾವಿರ ವರ್ಷ ಹಿಂದಿನ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಸುಮಾರು ಏಳು ತಿಂಗಳ ಒಂದು ನಾಯಿಮರಿ ಇತ್ತು. ಅದರ ಹಲ್ಲಿನ ಮೇಲಿನ ಗುರುತು ನೋಡಿದ ತಜ್ಞರು, ಅದಕ್ಕೆ ಡಿಸ್ಟೆಂಪರ್ ಬಂದಿರಬೇಕು, ಯಾರೋ ವಾರಗಟ್ಟಲೆ ಆರೈಕೆ ಮಾಡದಿದ್ದರೆ ಅದು ಅಷ್ಟು ದಿನ ಉಳಿಯುತ್ತಿರಲಿಲ್ಲ ಅನ್ನುತ್ತಾರೆ.

ಹಾಗಾದರೆ ಇಕ್ಕಟ್ಟಿಗೆ ದಾರಿ? ಹೊರಗೆ ಕರೆದುಕೊಂಡು ಹೋಗಿ, ನೆಲಕ್ಕೆ ಬಿಡಬೇಡಿ. ತೋಳಲ್ಲಿ ಎತ್ತಿಕೊಂಡು ರಸ್ತೆ ತೋರಿಸಬಹುದು, ಕಾರಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಬರಬಹುದು, ಲಸಿಕೆ ಆದ ಪರಿಚಯದ ನಾಯಿ ಇರುವ ಮನೆಗೆ ಹೋಗಬಹುದು. ಗುರುತು ಪರಿಚಯ ಇಲ್ಲದ ನಾಯಿಗಳು ಓಡಾಡುವ ಜಾಗದಲ್ಲಿ ಮಾತ್ರ ಇಳಿಸಬಾರದು. ಪ್ರಾಣಿಗಳ ವರ್ತನೆಯ ಬಗ್ಗೆ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘವೂ ಮೊದಲ ಲಸಿಕೆ ಮತ್ತು ಜಂತುಹುಳದ ಔಷಧಿ ಆಗಿ ಏಳು ದಿನ ಕಳೆದ ಮೇಲೆ ಮರಿಗಳ ತರಗತಿಗೆ ಸೇರಿಸಬಹುದು ಅಂತಲೇ ಹೇಳಿದೆ. ನಿಮ್ಮ ಸುತ್ತಮುತ್ತ ರೋಗ ಎಷ್ಟಿದೆ ಅನ್ನುವುದು ನಿಮ್ಮ ಡಾಕ್ಟರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ.

## ಸೆಕೆಂಡುಗಳ ಗಡಿಯಾರ

ನಾಯಿ ಕಲಿಯುವುದು ಮುಖ್ಯವಾಗಿ ಎರಡು ದಾರಿಯಲ್ಲಿ.

ಮೊದಲನೆಯದು ಜೋಡಣೆ. ಬೆಲ್ಟ್ ತೆಗೆದ ಸದ್ದಾದರೆ ವಾಕಿಂಗ್, ಡಬ್ಬಿ ಅಲುಗಿದರೆ ಊಟ. ರಷ್ಯದ ಇವಾನ್ ಪಾವ್ಲೊವ್ ಇದನ್ನು ಕಂಡುಕೊಂಡದ್ದು ನಾಯಿಗೆ ಏನೋ ಕಲಿಸಲು ಹೋಗಿ ಅಲ್ಲ. ಅವರು ಜೀರ್ಣಕ್ರಿಯೆ ಅಧ್ಯಯನ ಮಾಡುತ್ತಿದ್ದರು, 1904ರ ನೊಬೆಲ್ ಬಂದದ್ದೂ ಅದಕ್ಕೇ. ಊಟ ಬಾಯಿಗೆ ಬೀಳುವ ಮೊದಲೇ ನಾಯಿಗಳು ಜೊಲ್ಲು ಸುರಿಸುವುದನ್ನು ಕಂಡು ಆ ಕಡೆ ಹೊರಳಿದರು.

ಎರಡನೆಯದು ಲಾಭ ನಷ್ಟ. ಮಾಡಿದ ಕೂಡಲೇ ಒಳ್ಳೆಯದಾದರೆ ಅದನ್ನು ಮತ್ತೆ ಮಾಡುತ್ತದೆ, ಏನೂ ಸಿಗದಿದ್ದರೆ ನಿಧಾನಕ್ಕೆ ಬಿಡುತ್ತದೆ. ಇಷ್ಟೇ. ಸರಿ ತಪ್ಪು ಅನ್ನುವ ಖಾತೆ ಅದರ ಬಳಿ ಇಲ್ಲ.

ಇದರಲ್ಲಿ 'ಕೂಡಲೇ' ಅನ್ನುವ ಮಾತೇ ಎಲ್ಲ. ಕೂಡಲೇ ಅಂದರೆ ಒಂದೆರಡು ಸೆಕೆಂಡು. ನೀವು 'ಬಾ' ಅಂದಿರಿ, ಮರಿ ಓಡಿ ಬಂತು, ನೀವು ಜೇಬಿನಲ್ಲಿ ತಿಂಡಿ ತಡಕಾಡುತ್ತಿದ್ದೀರಿ, ಅಷ್ಟರಲ್ಲಿ ಅದು ನಿಮ್ಮ ಮೇಲೆ ಹಾರಿ ಪ್ಯಾಂಟು ಕೆರೆಯಲು ಶುರು ಮಾಡಿತು, ಆಗ ನೀವು ತಿಂಡಿ ಕೊಟ್ಟಿರಿ. ನಿಮ್ಮ ಲೆಕ್ಕದಲ್ಲಿ ಅದು ಬಂದದ್ದಕ್ಕೆ ಬಹುಮಾನ. ಮರಿಯ ಲೆಕ್ಕದಲ್ಲಿ ಪ್ಯಾಂಟು ಕೆರೆದದ್ದಕ್ಕೆ.

ಈ ತಡ ತಪ್ಪಿಸಲು ತರಬೇತಿ ಕೊಡುವವರು ಒಂದು ಗುರುತಿನ ಸದ್ದು ಇಟ್ಟುಕೊಳ್ಳುತ್ತಾರೆ. ಕ್ಲಿಕ್ಕರ್ ಎಂಬ ಟಿಕ್ ಅನ್ನುವ ಪುಟ್ಟ ಡಬ್ಬಿ ಆಗಬಹುದು, ಅಥವಾ 'ಭಲೇ' ಅನ್ನುವ ಒಂದು ಚಿಕ್ಕ ಮಾತು. ಮೊದಲು ನಾಲ್ಕೈದು ದಿನ ಸುಮ್ನೆ 'ಭಲೇ' ಅಂದು ಒಂದು ಚೂರು ತಿಂಡಿ ಕೊಡುತ್ತಾ ಹೋಗಿ. ಆ ಮಾತಿಗೂ ತಿಂಡಿಗೂ ಜೋಡಣೆ ಆಗುತ್ತದೆ. ಆಮೇಲೆ ಅದು ಕ್ಯಾಮೆರಾದ ಬಟನ್ ಇದ್ದ ಹಾಗೆ. ಒತ್ತಿದ ಕ್ಷಣ ಚಿತ್ರ ಸಿಕ್ಕಿತು, ಪ್ರಿಂಟ್ ಎರಡು ನಿಮಿಷ ಆಮೇಲೆ ಬಂದರೂ ಚಿತ್ರದಲ್ಲಿರುವುದು ಆ ಕ್ಷಣವೇ.

ಬೈಗುಳಕ್ಕೂ ಇದೇ ಗಡಿಯಾರ. ಸಂಜೆ ಮನೆಗೆ ಬಂದು, ಬೆಳಿಗ್ಗೆ ಹರಿದ ದಿಂಬು ತೋರಿಸಿ ಬೈದರೆ ಮರಿಗೆ ತಿಳಿಯುವುದು ನೀವು ಬಂದಾಗ ಕೆಟ್ಟದ್ದಾಗುತ್ತದೆ ಅಂತ ಮಾತ್ರ. 'ಇಲ್ಲ ಇಲ್ಲ, ಅದಕ್ಕೆ ತಪ್ಪು ಗೊತ್ತು, ಮುಖ ನೋಡಿ' ಅನ್ನುತ್ತೇವಲ್ವಾ? ಆ ತಲೆ ತಗ್ಗಿಸಿದ ಮುಖವನ್ನು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ನಂಟೇ ಕಾಣಲಿಲ್ಲ. ಮಾಲೀಕರು ಬೈದಾಗ ಆ ಮುಖ ಬರುತ್ತಿತ್ತು, ಏನೂ ಮಾಡದ ನಾಯಿಗೂ ಬರುತ್ತಿತ್ತು.

## ಉಚ್ಚೆಯ ಲೆಕ್ಕ

ಹೊಸಬರಿಗೆ ದೊಡ್ಡ ತಲೆನೋವು ಇದೇ. ಎರಡು ಗಡಿಯಾರವೂ ಒಟ್ಟಿಗೆ ಓಡುವ ಜಾಗ ಕೂಡ ಇದೇ.

ವಾರಗಳ ಗಡಿಯಾರ ಹೇಳುವುದು: ಮೂತ್ರಕೋಶ ಚಿಕ್ಕದು, ತಡೆದುಕೊಳ್ಳುವ ಸ್ನಾಯುಗಳು ಇನ್ನೂ ಬಲಿತಿಲ್ಲ. ಸಾಮಾನ್ಯವಾಗಿ ಹೇಳುವ ಅಂದಾಜು, ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದಷ್ಟು ಗಂಟೆ. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ, ಅದೂ ಮಲಗಿದ್ದರೆ. ಎದ್ದು ಆಡುತ್ತಿದ್ದರೆ ಅರ್ಧ ಗಂಟೆಗೇ ಬರಬಹುದು. ಅದಕ್ಕೆ ಕೊಬ್ಬು ಅಂತ ಅಂದುಕೊಳ್ಳಬೇಡಿ, ತಡೆಯಲು ಆಗುವುದಿಲ್ಲ ಅಷ್ಟೇ.

ಹಾಗಾಗಿ ಕೆಲಸ ನಿಮ್ಮದು. ನಿದ್ದೆಯಿಂದ ಎದ್ದ ಕೂಡಲೇ, ಊಟ ಆಗಿ ಹತ್ತರಿಂದ ಮೂವತ್ತು ನಿಮಿಷದೊಳಗೆ, ಆಟ ಮುಗಿದ ಕೂಡಲೇ, ಮಲಗುವ ಮೊದಲು ಹೊರಗೆ. ಲಸಿಕೆ ಮುಗಿಯದ ಮರಿಗೆ ಹೊರಗೆ ಅಂದರೆ ಗುರುತಿಲ್ಲದ ನಾಯಿಗಳು ಓಡಾಡದ ಜಾಗ. ನಡುವೆ ನೆಲ ಮೂಸುತ್ತಾ ಸುತ್ತು ಹಾಕಿದರೆ ಮತ್ತೆ ಹೊರಗೆ. ಪ್ರತಿ ಸಲ ಒಂದೇ ಜಾಗ, ಯಾಕೆಂದರೆ ಹಳೆಯ ವಾಸನೆಯೇ ಅದಕ್ಕೆ 'ಇಲ್ಲಿ ಮಾಡು' ಅನ್ನುವ ಫಲಕ. ಸುಮ್ಮನೆ ನಿಂತಿರಿ, ಮಾತಾಡಿಸಬೇಡಿ. ಮುಗಿಸಿದ ಸೆಕೆಂಡಿಗೆ, ಅಲ್ಲೇ, ಭಲೇ ಅಂದು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಅದು ಒಳಗೆ ಬಂದದ್ದಕ್ಕೆ ಸಿಕ್ಕ ತಿಂಡಿ ಆಗುತ್ತದೆ.

ಇನ್ನೊಂದು ಸಂಗತಿ ಅನೇಕರಿಗೆ ಹೊಳೆಯುವುದಿಲ್ಲ. ಉಚ್ಚೆ ಆಯಿತು ಅಂತ ತಕ್ಷಣ ಒಳಗೆ ಎಳೆದುಕೊಂಡು ಬಂದರೆ, ಉಚ್ಚೆ ಮಾಡಿದರೆ ಹೊರಗಿನ ಮಜಾ ಮುಗಿಯುತ್ತದೆ ಅಂತ ಮರಿ ಕಲಿಯುತ್ತದೆ. ಜಾಣ ಮರಿಯಾದರೆ ಹೊರಗೆ ಇಪ್ಪತ್ತು ನಿಮಿಷ ತಡೆದುಕೊಂಡು, ಒಳಗೆ ಬಂದು ಕಾರ್ಪೆಟ್ ಮೇಲೆ ಕೂರುತ್ತದೆ. ಮಾಡಿದ ಮೇಲೆ ಐದು ನಿಮಿಷ ಆಡಲು ಬಿಡಿ.

ಒಳಗೆ ಮಾಡುತ್ತಿರುವುದು ಕಣ್ಣಿಗೆ ಬಿತ್ತೋ, ಮೆಲ್ಲಗೆ ಎತ್ತಿಕೊಂಡು ಹೊರಗೆ ಓಡಿ. ಮಾಡಿದ ಮೇಲೆ ನೋಡಿದಿರೋ, ಏನೂ ಮಾಡಬೇಡಿ, ಒರೆಸಿ. ಮೂತಿ ಹಿಡಿದು ಉಚ್ಚೆಗೆ ಉಜ್ಜುವ ಹಳೆಯ ಪದ್ಧತಿಯಿಂದ ಮರಿ ಕಲಿಯುವುದು, ಮನುಷ್ಯರ ಎದುರು ಉಚ್ಚೆ ಮಾಡುವುದು ಅಪಾಯ ಅಂತ. ಆಮೇಲೆ ಅದು ಸೋಫಾ ಹಿಂದೆ ಮಾಡುತ್ತದೆ. ಬೆಲ್ಟ್ ಹಿಡಿದು ನೀವು ಹೊರಗೆ ನಿಂತರೆ ನಿಮ್ಮ ಮುಂದೆಯೂ ಮಾಡುವುದಿಲ್ಲ. ಒರೆಸುವಾಗ ಅಮೋನಿಯಾ ಇರುವ ಕ್ಲೀನರ್ ಬೇಡ, ಅದರ ವಾಸನೆ ಮೂತ್ರವನ್ನೇ ನೆನಪಿಸುತ್ತದೆ. ಸಾಕುಪ್ರಾಣಿಗಳ ಕಲೆಗೆಂದೇ ಸಿಗುವ, ಕಿಣ್ವ (ಎಂಜೈಮ್) ಇರುವ ಕ್ಲೀನರ್ ವಾಸನೆಯ ಮೂಲವನ್ನೇ ಒಡೆಯುತ್ತದೆ.

ಕ್ರೇಟ್ ಅಂದರೆ ಮರಿ ಮಲಗುವ ಪೆಟ್ಟಿಗೆ, ಇಲ್ಲಿ ಸಹಾಯಕ್ಕೆ ಬರುತ್ತದೆ. ತಾನು ಮಲಗುವ ಜಾಗವನ್ನು ಸಾಮಾನ್ಯವಾಗಿ ನಾಯಿ ಗಲೀಜು ಮಾಡುವುದಿಲ್ಲ. ಎದ್ದು ನಿಲ್ಲಲು, ತಿರುಗಲು, ಮೈ ಚಾಚಲು ಆಗುವಷ್ಟು ಜಾಗ ಸಾಕು. ತೀರಾ ದೊಡ್ಡದಾದರೆ ಒಂದು ಮೂಲೆ ಬೆಡ್‌ರೂಮು, ಇನ್ನೊಂದು ಮೂಲೆ ಟಾಯ್ಲೆಟ್ಟು. ಬಾಗಿಲು ತೆರೆದಿಟ್ಟು ಒಳಗೆ ಊಟ ಕೊಟ್ಟು ಅಭ್ಯಾಸ ಮಾಡಿಸಿ, ಶಿಕ್ಷೆಗೆ ಅಂತ ಯಾವತ್ತೂ ಅದರೊಳಗೆ ಹಾಕಬೇಡಿ. ಚೆನ್ನಾಗಿ ಕಲಿತಿದ್ದ ಮರಿ ಇದ್ದಕ್ಕಿದ್ದ ಹಾಗೆ ಪದೇ ಪದೇ ಸ್ವಲ್ಪ ಸ್ವಲ್ಪ ಉಚ್ಚೆ ಮಾಡತೊಡಗಿದರೆ ಮೂತ್ರದ ಸೋಂಕು ಇರಬಹುದು, ಡಾಕ್ಟರಿಗೆ ತೋರಿಸಿ.

## ಕಚ್ಚುವ ಹಲ್ಲು, ಅಳುವ ರಾತ್ರಿ

ಮರಿಗೆ 28 ಹಾಲುಹಲ್ಲು, ಸೂಜಿಯ ಹಾಗೆ. ನಾಲ್ಕನೆಯ ತಿಂಗಳ ಸುಮಾರಿಗೆ ಉದುರಲು ಶುರುವಾಗಿ, ಆರೇಳು ತಿಂಗಳ ಹೊತ್ತಿಗೆ 42 ದೊಡ್ಡ ಹಲ್ಲು ಬರುತ್ತವೆ. ನಮಗೆ ಕೈ ಹೇಗೋ ಮರಿಗೆ ಬಾಯಿ ಹಾಗೆ, ಹಿಡಿದು ನೋಡಲು, ಆಡಲು, ಕರೆಯಲು ಇರುವುದು ಅದೊಂದೇ. ಕಚ್ಚಿದಾಗ ಕೈ ಜೋರಾಗಿ ಹಿಂದೆಳೆದುಕೊಂಡರೆ ಓಡುವ ಬೇಟೆ ಹಿಡಿಯುವ ಆಟ ಶುರುವಾಯಿತು ಅಂತ ಅದಕ್ಕೆ ಖುಷಿ. ಜೊತೆಯ ಮರಿ ಮಾಡುತ್ತಿದ್ದದ್ದನ್ನೇ ಮಾಡಿ: ಕೈ ಸಡಿಲ ಬಿಟ್ಟು, ಆಟ ನಿಲ್ಲಿಸಿ, ಹತ್ತು ಸೆಕೆಂಡು ಆಚೆ ತಿರುಗಿ. ವಾಪಸ್ ಬಂದಾಗ ಕೈಯಲ್ಲಿ ಅಗಿಯುವ ಆಟಿಕೆ ಇರಲಿ. ಒದ್ದೆ ಬಟ್ಟೆ ಸುತ್ತಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ವಸಡಿಗೆ ಹಿತ, ನೀವು ನೋಡುತ್ತಿರುವಾಗ ಮಾತ್ರ. ಬೇಯಿಸಿದ ಮೂಳೆ ಬೇಡ, ಚೂಪಾಗಿ ಒಡೆದು ಗಂಟಲು, ಕರುಳು ಚುಚ್ಚುತ್ತದೆ.

ಸಂಜೆ ಹೊತ್ತು ಹುಚ್ಚು ಹಿಡಿದ ಹಾಗೆ ಓಡಿ ಎಲ್ಲರನ್ನೂ ಕಚ್ಚುತ್ತಿದ್ದರೆ, ನಿದ್ದೆ ಸಾಲದೆ ರಚ್ಚೆ ಹಿಡಿದ ಕೂಸನ್ನು ನೆನಪಿಸಿಕೊಳ್ಳಿ. ಮರಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಸಿಗದೇ ಇರುವುದು ಅದೊಂದೇ.

ಇನ್ನು ರಾತ್ರಿಯ ಅಳು. ಹುಟ್ಟಿದಾಗಿನಿಂದ ಬೆಚ್ಚಗೆ ಒಬ್ಬರ ಮೇಲೊಬ್ಬರು ಮಲಗಿದ್ದ ಜೀವ ಮೊದಲ ಸಲ ಒಂಟಿ. ಗುಂಪಿನಿಂದ ತಪ್ಪಿಸಿಕೊಂಡ ಮರಿ ಕೂಗಿ ಕರೆಯುವುದು ಬದುಕಲು ಬೇಕಾದ ಗುಣ. ಅಳಲಿ ಬಿಡಿ, ತಾನೇ ಸುಮ್ಮನಾಗುತ್ತದೆ ಅನ್ನುವವರಿದ್ದಾರೆ. ಸುಮ್ಮನಾಗುತ್ತದೆ, ನಿಜ, ಆದರೆ ಒಂಟಿತನ ಅಂದರೆ ಭಯ ಅನ್ನುವ ಜೋಡಣೆಯೂ ಆಗಿಬಿಡಬಹುದು. ಮೊದಲ ಕೆಲವು ವಾರ ಅದರ ಹಾಸಿಗೆ ನಿಮ್ಮ ಮಂಚದ ಪಕ್ಕ ಇರಲಿ, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಸರಿಸಿ. ಹಗಲು ಹೊತ್ತು ಒಂಟಿಯಾಗಿರುವುದನ್ನೂ ಪಾಠದ ಹಾಗೆ ಕಲಿಸಬೇಕು: ಐದು ಸೆಕೆಂಡು ಬಾಗಿಲ ಆಚೆ, ಆಮೇಲೆ ಇಪ್ಪತ್ತು, ಆಮೇಲೆ ಒಂದು ನಿಮಿಷ.

## ಮಾತು ಕಲಿಸುವುದು

ಮೂಗಿನ ಮುಂದೆ ತಿಂಡಿ ಹಿಡಿದು ನಿಧಾನಕ್ಕೆ ತಲೆಯ ಮೇಲಿನಿಂದ ಹಿಂದಕ್ಕೆ ಒಯ್ದರೆ ಮರಿ ತಾನಾಗಿ ಕೂರುತ್ತದೆ. ಭಲೇ, ತಿಂಡಿ. ಹತ್ತಿಪ್ಪತ್ತು ಸಲ ಹೀಗಾದ ಮೇಲೆ 'ಕೂತ್ಕೋ' ಅನ್ನುವ ಮಾತು ಸೇರಿಸಿ. ಮಾತು ಮೊದಲು, ಕೆಲಸ ಆಮೇಲೆ ಅಂತ ನಾವು ಅಂದುಕೊಂಡಿರುತ್ತೇವೆ. ಮರಿಗೆ ಅದು ತಿರುವುಮುರುವು, ಯಾಕೆಂದರೆ ಅದು ನಮ್ಮ ನಾಲಿಗೆಗಿಂತ ಕೈಯನ್ನು ಚೆನ್ನಾಗಿ ಓದುತ್ತದೆ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ ಸಾಕು.

ಮನೆಯವರೆಲ್ಲ ಸೇರಿ ಒಂದೊಂದು ಕೆಲಸಕ್ಕೆ ಒಂದೊಂದು ಮಾತು ಗಟ್ಟಿ ಮಾಡಿಕೊಳ್ಳಿ. ಅಪ್ಪ 'ಬಾ', ಮಗಳು 'ಕಮ್', ಅಜ್ಜಿ 'ಬಾರೋ ಬಂಗಾರ' ಅಂದರೆ ಮರಿಯ ಪಾಲಿಗೆ ಅವು ಮೂರು ಭಾಷೆ. 'ಬಾ' ಅಂತ ಕರೆದು ಬೈಯುವುದು, ಸ್ನಾನಕ್ಕೆ ಹಾಕುವುದು ಬೇಡ. ಅದಕ್ಕೆ ನೀವೇ ಎದ್ದು ಹೋಗಿ ಎತ್ತಿಕೊಳ್ಳಿ. ಮುಂದೆ ಒಂದು ದಿನ ರಸ್ತೆಯ ಕಡೆ ಓಡುತ್ತಿರುವ ನಾಯಿಯನ್ನು ಉಳಿಸುವುದು ಈ ಒಂದು ಮಾತೇ ಆಗಬಹುದು.

ಊಟದ ಹೊತ್ತಿಗೆ ಬೊಗಳಿ ಬೇಡುವ ಅಭ್ಯಾಸ ಬಿಡಿಸಲು ಹೊರಟರೆ ಮೊದಲ ದಿನಗಳಲ್ಲಿ ಅದು ಜಾಸ್ತಿಯೇ ಆಗುತ್ತದೆ. ಲಿಫ್ಟ್ ಬರದಿದ್ದರೆ ನಾವು ಬಟನನ್ನು ಇನ್ನೂ ನಾಲ್ಕು ಸಲ ಜೋರಾಗಿ ಒತ್ತುತ್ತೇವಲ್ಲ, ಹಾಗೆ. ಅದೇ ಹೊತ್ತಿಗೆ ಯಾರೋ ಕರಗಿ ಒಂದು ತುತ್ತು ಕೊಟ್ಟರೆ, ಇನ್ನೂ ಜೋರಾಗಿ ಬೊಗಳಬೇಕು ಅನ್ನುವ ಪಾಠ ಪಕ್ಕಾ ಆಯಿತು.

## ಯಜಮಾನ ಯಾರು ಅಂತ ತೋರಿಸಬೇಕಾ?

ಮರಿಯನ್ನು ಅಂಗಾತ ಕೆಡವಿ ಒತ್ತಿ ಹಿಡಿಯಿರಿ, ನೀವು ಉಂಡ ಮೇಲೇ ಅದಕ್ಕೆ ಹಾಕಿ, ಇಲ್ಲದಿದ್ದರೆ ಅದೇ ಯಜಮಾನ ಆಗಿಬಿಡುತ್ತದೆ ಅನ್ನುವ ಸಲಹೆ ಇವತ್ತಿಗೂ ಓಡಾಡುತ್ತಿದೆ. ಇದರ ಬೇರು ತೋಳಗಳ ಅಧ್ಯಯನದಲ್ಲಿದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕರು ಬರೆದದ್ದು ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ್ದ ತೋಳಗಳ ಯಜಮಾನಿಕೆಯ ಜಗಳದ ಬಗ್ಗೆ. ತೋಳ ತಜ್ಞ ಡೇವಿಡ್ ಮೆಕ್ ಅದೇ ಚಿತ್ರವನ್ನು 1970ರಲ್ಲಿ ಜನಪ್ರಿಯ ಮಾಡಿದರು. ಆಮೇಲೆ ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳನ್ನು ನೋಡಿ, 1999ರಲ್ಲಿ ಅವರೇ ಅದನ್ನು ತಿದ್ದಿ ಬರೆದರು. ಕಾಡಿನ ತೋಳದ ಗುಂಪು ಅಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಮಕ್ಕಳು, ಅಲ್ಲಿ ಪಟ್ಟಕ್ಕಾಗಿ ಕಾದಾಟ ನಡೆಯುವುದಿಲ್ಲ. ಕೆಡವಿ ಒತ್ತಿದ ಮರಿ ಹೆದರುತ್ತದೆ, ಕೆಲವು ಹೆದರಿ ಕಚ್ಚುತ್ತವೆ.

## ಮನೆಯೊಳಗಿನ ವಿಷ

ಇದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಫ್ರಿಜ್ ಮೇಲೆ ಅಂಟಿಸಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಬೇಡ. ಚಾಕೊಲೇಟಿನ ಥಿಯೊಬ್ರೊಮಿನ್ ಅದರ ಮೈಯಿಂದ ಬೇಗ ಹೊರಹೋಗುವುದಿಲ್ಲ, ದ್ರಾಕ್ಷಿ ಕಿಡ್ನಿಗೆ ಹೊಡೆತ, ಈರುಳ್ಳಿ ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತವೆ. ಸಕ್ಕರೆ ಇಲ್ಲದ ಚೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ಎಂಬ ಸಿಹಿ ಪದಾರ್ಥ ಸ್ವಲ್ಪವೇ ಹೋದರೂ ರಕ್ತದ ಸಕ್ಕರೆ ಕುಸಿಯುತ್ತದೆ. ತಿಂದದ್ದು ಗೊತ್ತಾದರೆ ಲಕ್ಷಣಕ್ಕೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ.

## ಆರು ತಿಂಗಳಾದ ಮೇಲೆ ಎಲ್ಲ ಮರೆತ ಮರಿ

ಕೊನೆಗೆ ಒಂದು ಎಚ್ಚರಿಕೆ. ಐದು ತಿಂಗಳಿಗೆ ಹೇಳಿದ ಮಾತೆಲ್ಲ ಕೇಳುತ್ತಿದ್ದ ಮರಿ ಏಳೆಂಟು ತಿಂಗಳಿಗೆ 'ಬಾ' ಅಂದರೆ ತಿರುಗಿ ನೋಡಿ, ಮತ್ತೆ ಪೊದೆ ಮೂಸಲು ಹೋಗುತ್ತದೆ. ಅದು ಕಲಿತದ್ದನ್ನು ಮರೆತಿಲ್ಲ, ಹರೆಯಕ್ಕೆ ಬಂದಿದೆ. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಟು ತಿಂಗಳ ನಾಯಿಗಳು ಐದು ತಿಂಗಳಲ್ಲಿ ಕೇಳುತ್ತಿದ್ದಷ್ಟು ತಮ್ಮನ್ನು ಸಾಕಿದವರ ಮಾತು ಕೇಳಲಿಲ್ಲ. ತಮಾಷೆ ಏನೆಂದರೆ ಅಪರಿಚಿತರು ಹೇಳಿದರೆ ಹಾಗೆ ಹಟ ಮಾಡುತ್ತಿರಲಿಲ್ಲ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷದ ಹೊತ್ತಿಗೆ ಅವು ಮತ್ತೆ ಹಳಿಗೆ ಬಂದಿದ್ದವು.

ಚಿಕ್ಕ ತಳಿಗಳು ಒಂದು ವರ್ಷದ ಸುಮಾರಿಗೆ ಬಲಿಯುತ್ತವೆ, ದೊಡ್ಡ ತಳಿಗಳಿಗೆ ಒಂದೂವರೆ ಎರಡು ವರ್ಷವೂ ಬೇಕು. ಅಲ್ಲಿಯವರೆಗೆ ಉದ್ದನೆಯ ಹಗ್ಗ ಕಟ್ಟಿಯೇ ಬಯಲಿಗೆ ಬಿಡಿ, ಪಾಠ ಎರಡು ಮೆಟ್ಟಿಲು ಕೆಳಗಿನಿಂದ ಮತ್ತೆ ಶುರು ಮಾಡಿ, ಜೇಬಿನಲ್ಲಿ ತಿಂಡಿ ಇಟ್ಟುಕೊಳ್ಳಿ. ಅದನ್ನು ತಡಕಾಡದೆ ಒಂದು ಸೆಕೆಂಡಿನಲ್ಲಿ ತೆಗೆಯಲು ಆಗುವ ಜೇಬಾದರೆ ಒಳ್ಳೆಯದು.